ಹಿತುಕಿದ ಬೇಳೆ ಬಿಡಿಸಿದ ಚಟ

ಅವರೆಕಾಯಿ ಬಿಡಿಸಿದ ಕೈಯನ್ನು ಎಷ್ಟು ತೊಳೆದರೂ ಸೊಗಡು ಹೋಗುವುದಿಲ್ಲ. ಮೊನ್ನೆ ಮಂಡ್ಯದ ಮಾರುಕಟ್ಟೆಯಿಂದ ತಂದ ಕಾಯಿ ಬಿಡಿಸಿ, ಅದೇ ಕೈಯಲ್ಲಿ ಮಗಳ ಬಾಯಿಂದ ಹೆಬ್ಬೆರಳು ತೆಗೆಯಲು ಹೋದೆ. ಆ ಘಮಕ್ಕೆ, ನನ್ನ ತವರೂರು ಕೆರಗೋಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ಬಂದು ಎದುರಿಗೆ ಕೂತ ಹಾಗಾಯಿತು...

ನನಗೂ ಬೆರಳು ಚೀಪುವ ಚಟವಿತ್ತು. ತಮ್ಮ ಹುಟ್ಟಿದ ಮೇಲೆ ಅಮ್ಮನ ಮಗ್ಗುಲು ಅವನ ಪಾಲಾಯಿತು, ನನ್ನ ಪಾಲಿಗೆ ಹೆಬ್ಬೆರಳು ಉಳಿಯಿತು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವ ವಯಸ್ಸು. ಅವು ಉಬ್ಬಿಕೊಂಡು ಬಂದರೆ ಗತಿಯೇನು ಎಂದು ಅಮ್ಮನಿಗೆ ಚಿಂತೆ. ಬೇವಿನೆಣ್ಣೆ ಹಚ್ಚಿದಳು, ನಾನು ಅದನ್ನೂ ನೆಕ್ಕಿ ಅರಗಿಸಿಕೊಂಡೆ. ಕೊನೆಗೆ ಮೆಣಸಿನಕಾಯಿ ಅರೆದು ಹಚ್ಚಿದಳು. ಆ ಕೈಯಲ್ಲೇ ಕಣ್ಣುಜ್ಜಿಕೊಂಡು ಬೀದಿಗೆಲ್ಲ ಕೇಳುವಂತೆ ಕಿರುಚಿದೆ.

ದೊಡ್ಡವ್ವ ಓಡಿಬಂದು ನನ್ನ ಕಣ್ಣಿಗೆ ನೀರು ಹಾಕಿ ಹಾಕಿ ತೊಳೆದಳು. ಆಮೇಲೆ ಅಮ್ಮನ ಕಡೆ ತಿರುಗಿದಳು.

"ಅದು ಬೆಳ್ಳಿನ ಆಸೆಗೆ ಚೀಪ್ತಿಲ್ಲ ಕಣಮ್ಮ. ನೀ ಮಡ್ಲಿಂದ ಇಳಿಸ್ಬುಟ್ಟೆ ಅಂತ ಚೀಪ್ತದೆ. ನನ್ ತಾವ ಬುಡು."

ಮಾರನೇ ದಿನ ನೆನೆಸಿದ ಅವರೆಕಾಳಿನ ಪಾತ್ರೆ ನನ್ನ ಮುಂದಿಟ್ಟಳು. ಕಾಳನ್ನು ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹಾರುತ್ತಿತ್ತು. ಬೆರಳಿನ ಸುದ್ದಿಯನ್ನೇ ಅವಳು ಎತ್ತಲಿಲ್ಲ. ಕೈ ಬಾಯಿಯ ಕಡೆ ಹೊರಟಾಗ ಮಾತ್ರ, ಬೇಳೆ ಎಂಜಲಾಗುತ್ತದೆ ಎಂದು ಮೆಲ್ಲಗೆ ಹೇಳುತ್ತಿದ್ದಳು. ಮನೆಮಂದಿಯ ಸಾರೆಲ್ಲ ನನ್ನಿಂದ ಕೆಡುತ್ತದೆಂದರೆ ಸಾಮಾನ್ಯವೇ! ಬೆರಳು ಅರ್ಧ ದಾರಿಯಿಂದ ವಾಪಸಾಗುತ್ತಿತ್ತು. ಊಟವಾದ ಮೇಲೆ ಚಾಪೆಯ ಮೇಲೆ ಪಕ್ಕದಲ್ಲಿ ಮಲಗಿಸಿಕೊಂಡು, ನನ್ನ ಹೆಬ್ಬೆರಳನ್ನು ತನ್ನ ಮುಷ್ಟಿಯಲ್ಲಿಟ್ಟುಕೊಂಡು, ಎಮ್ಮೆಯದೋ ಗದ್ದೆಯದೋ ಏನೋ ಒಂದು ಮಾತಾಡುತ್ತಿದ್ದಳು. ಅದು ಮುಗಿದದ್ದು ನನಗೆ ಒಂದು ದಿನವೂ ಗೊತ್ತಾಗಲಿಲ್ಲ... ಅವರೆ ಕಾಲ ಮುಗಿಯುವ ಹೊತ್ತಿಗೆ ಚಟ ಬಿಟ್ಟಿತ್ತು. ಆದರೂ ಅವಳ ಮಗ್ಗುಲು ಬಿಟ್ಟು ಬರಲು ನನಗೆ ಮನಸ್ಸಿರಲಿಲ್ಲ.

ಮಗಳನ್ನು ನೋಡಿದ ಹಲ್ಲಿನ ಡಾಕ್ಟರೂ ಗದರಬೇಡಿ, ಕೈಗೆ ಏನಾದರೂ ಕೆಲಸ ಕೊಡಿ, ಬೆರಳು ಬಿಟ್ಟಾಗ ಮೆಚ್ಚಿಕೊಳ್ಳಿ ಎಂದಿದ್ದಾರೆ. ಸರಿ, ಅವಳ ಮುಂದೆಯೂ ಕಾಳಿಟ್ಟೆ. ಒತ್ತಿದ ಬೇಳೆ ಅಡುಗೆಮನೆಯ ಗೋಡೆಗೆ ಹಾರಿತು. ಅವಳು ನಕ್ಕಳು. ನನಗೆ ಅಳು ಬಂತು.

ಇವಳು ಹುಟ್ಟಿದಾಗ ಬಾಣಂತನಕ್ಕೆಂದು ಅಮ್ಮ ಮಂಡ್ಯದ ನಮ್ಮ ಮನೆಗೇ ಬಂದಿದ್ದಳು. ಹಸಿ ಬಾಣಂತಿಗೆ ಸಾವಿನ ಸುದ್ದಿ ಹೇಳಬಾರದಲ್ಲ, ಹೇಳಲಿಲ್ಲ. ತಿಂಗಳುಗಳು ಕಳೆದು ಊರಿಗೆ ಹೊರಟ ದಿನ, ಮೊದಲು ದೊಡ್ಡವ್ವನ ಮಡಿಲಿಗೆ ಮಗು ಹಾಕೋಣ ಎಂದೆ. ಅಮ್ಮ ಮಗುವಿನ ಕುಲಾವಿ ಸರಿಮಾಡುತ್ತಾ, "ಅವ್ಳು ಇಲ್ಲ ಕಣವ್ವ" ಅಂದಳು.

ಯಾಕಮ್ಮ ಅಳ್ತೀಯ ಎಂದು ಮಗಳು ಕೇಳಿದಳು. ನಿನ್ನನ್ನು ಒಬ್ಬರಿಗೆ ತೋರಿಸಬೇಕಿತ್ತು, ಆಗಲಿಲ್ಲ ಅಂದೆ.