ಸ್ವಖುಷಿಯಿಂದ ಬರೆದ ಚೀಟಿ

ಅಕ್ಕನ ಸೋಡಚೀಟಿಯನ್ನು ಬರೆದವಳು ನಾನೇ. ಬಿ.ಎ. ಎರಡನೇ ವರ್ಷದಲ್ಲಿದ್ದೆ, ಮನೆಯಲ್ಲಿ ನನ್ನ ಅಕ್ಷರವೇ ದುಂಡಗಿದ್ದದ್ದು. ಗಂಡ ಹೆಂಡತಿ ಬೇರೆಯಾಗುವಾಗ ಹಿರಿಯರ ಮುಂದೆ ಬರೆದುಕೊಳ್ಳುವ ಕಾಗದಕ್ಕೆ ನಮ್ಮ ಸವದತ್ತಿ ಕಡೆ ಸೋಡಚೀಟಿ ಎನ್ನುತ್ತಾರೆ. ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಜಮಖಾನೆಯ ಮೇಲೆ ಕುಳಿತಿದ್ದರು. ರಾಮದುರ್ಗದಿಂದ ಬಂದಿದ್ದ ಅಕ್ಕನ ಗಂಡ ಬಾಗಿಲ ಹತ್ತಿರ ತಲೆ ತಗ್ಗಿಸಿ ಕುಳಿತಿದ್ದ. ಕಾಕಾ ಬಾಂಡ್ ಕಾಗದವನ್ನು ನನ್ನ ಮುಂದಿಟ್ಟು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ.

"ಸ್ವಖುಷಿಯಿಂದ ಅಂತ ಮರೀದಽ ಬರಿಯವಾ," ಎಂದರು. "ಆ ಶಬ್ದ ಇಲ್ಲಂದ್ರ ಕಾಗದ ನಿಲ್ಲೂದಿಲ್ಲ."

ಹೊಲ ಮಾರುವ ಕಾಗದದಲ್ಲೂ ಬರೆಯುವ ಶಬ್ದ ಅದು. ಅಕ್ಕ ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಸೋಸುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಕೈ ಒರೆಸಿಕೊಂಡು ಬಂದು, ತೋರಿಸಿದಲ್ಲಿ ಸಹಿ ಹಾಕಿ, ಖಾಲಿ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದಳು. ನಾನು ಮಾತ್ರ ನನ್ನ ಅಕ್ಷರ ನೋಡಿ ಹಿಗ್ಗಿದ್ದೆ. ಆ ಹಿಗ್ಗು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಆರು ವರ್ಷ ಆ ಕಾಗದ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಇತ್ತು. ಅಕ್ಕ ಹೊಲಿಗೆ ಕಲಿತಳು, ಅಂಗಡಿ ಇಟ್ಟಳು. ಆಮೇಲೆ ನೇಸರಗಿಯ ಮಾಸ್ತರರೊಬ್ಬರು, ಹೆಂಡತಿ ತೀರಿಕೊಂಡವರು, ಅವಳನ್ನು ಕೇಳಿಕೊಂಡು ಬಂದರು. ಅಕ್ಕನಿಗೂ ಮನಸ್ಸಿತ್ತು. ಮದುವೆಯನ್ನು ನೋಂದಣಿ ಮಾಡಿಸೋಣ ಎಂದರು ಮಾಸ್ತರರು. ಅದಕ್ಕೇನು ಬೇಕೆಂದು ಕೇಳಲು ನಾನೂ ಅಕ್ಕನೂ ಚೀಟಿ ಹಿಡಿದುಕೊಂಡು ಬೈಲಹೊಂಗಲಕ್ಕೆ, ಒಬ್ಬ ಮಹಿಳಾ ವಕೀಲರ ಹತ್ತಿರ ಹೋದೆವು.

ಆಕೆ ಎರಡು ಸಲ ಓದಿದರು. "ಅಕ್ಷರ ಭಾಳ ಚಂದ ಅದಾವ. ಆದ್ರ ಇದಕ್ಕ ಕಿಮ್ಮತ್ತಿಲ್ರಿ. ಕೋರ್ಟು ಡಿಕ್ರಿ ಕೊಡೂತನಕ ನೀವು ಅವರ ಹೇಂತೀನಽ. ಈಗ ಇನ್ನೊಂದು ಮದವಿ ಆದ್ರ ಅದು ಮದವೀನಽ ಅಲ್ಲ, ಮ್ಯಾಲ ಗುನ್ನೆ, ಶಿಕ್ಷಾ ಆಗತೈತಿ."

"ನಮ್ಮಲ್ಲಿ ಹಿಂದಿನಿಂದ ಹಿಂಗಽ ನಡದು ಬಂದೈತ್ರಿ," ಎಂದೆ.

"ಪದ್ಧತಿ ಐತಿ ಅಂತ ಕೋರ್ಟಿನ್ಯಾಗ ಸಾಬೀತು ಮಾಡಬೇಕಾಗತೈತಿ. ಅದು ಸುಲಭ ಇಲ್ಲ. ಗಂಡ ಹೇಂತಿ ಇಬ್ಬರೂ ಒಪ್ಪಿ ಡಿಕ್ರಿಗೆ ಅರ್ಜಿ ಹಾಕ್ರಿ."

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಅತ್ತಳು. "ಆರು ವರ್ಷ ನಾ ಅವನ ಹೇಂತಿ ಆಗೇ ಇದ್ನೇನು?" ಎಂದು ಕೇಳಿದಳು. ನನಗೆ ಕಾಕಾರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆ. ಕಾಲೇಜು ಕಲಿಯುತ್ತಿದ್ದವಳಿಗೆ ವಕೀಲರನ್ನು ಒಂದು ಮಾತು ಕೇಳೋಣ ಎಂದು ಆಗ ಹೊಳೆದಿರಲಿಲ್ಲ.

ಅಕ್ಕನ ಗಂಡ ತಕರಾರು ಮಾಡದೆ ಬಂದ. ಅವನೂ ಆ ಚೀಟಿಯನ್ನೇ ನಂಬಿದ್ದ. ವರ್ಷಕ್ಕಿಂತ ಹೆಚ್ಚು ಬೇರೆ ಇದ್ದೇವೆ, ಕೂಡಿ ಬಾಳಲಾರೆವು ಎಂದು ಇಬ್ಬರೂ ಸವದತ್ತಿಯ ಕೋರ್ಟಿಗೆ ಜಂಟಿ ಅರ್ಜಿ ಹಾಕಿದರು. ಮನಸ್ಸು ತಿರುಗೀತೆಂದು ಕಾಯಿದೆ ಆರು ತಿಂಗಳು ಕಾಯಿಸುತ್ತದೆ. ನೇಸರಗಿಯಲ್ಲಿ ಮಾಸ್ತರರ ಮನೆಯವರು ಗೊಣಗತೊಡಗಿದರು. ಅವರೆಲ್ಲಿ ಹಿಂದೆ ಸರಿಯುತ್ತಾರೋ ಎಂಬ ಭಯದಲ್ಲಿ ಅಕ್ಕ ಹೊಲಿದ ರವಿಕೆಗಳನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಮಾಸ್ತರರು ಕಾದರು.

ಆರು ತಿಂಗಳು ಮುಗಿದು ಕೋರ್ಟು ಎರಡನೆಯ ಸಲ ಕರೆದಾಗ ನ್ಯಾಯಾಧೀಶರು ಮೊದಲು ಅಕ್ಕನ ಗಂಡನನ್ನು ವಿಚಾರಿಸಿ, ಆಮೇಲೆ ಅಕ್ಕನ ಕಡೆ ತಿರುಗಿದರು.

"ಯಾರದರೆ ಒತ್ತಾಯ ಐತೇನಮ್ಮಾ? ಸ್ವಖುಷಿಯಿಂದ ಕೇಳಾಕ ಹತ್ತೀರೇನು?"

ಆ ಶಬ್ದ ಕಿವಿಗೆ ಬಿದ್ದದ್ದೇ ನನಗೆ ತಲೆ ಎತ್ತಲಾಗಲಿಲ್ಲ. ಅಕ್ಕ ನ್ಯಾಯಾಧೀಶರ ಮುಖವನ್ನೇ ನೋಡುತ್ತಿದ್ದಳು. ವಕೀಲರಿಗೆ ಗಾಬರಿಯಾಗಿ ಅವಳ ಮೊಣಕೈ ಮುಟ್ಟಿದರು.

"ಇಷ್ಟು ದಿನ ಇದನ್ನ ನನಗ ಯಾರೂ ಕೇಳಿರಲಿಲ್ರಿ, ಸಾಹೇಬ್ರ," ಎಂದಳು. "ಹೌದ್ರಿ. ಸ್ವಖುಷಿಯಿಂದ."