ಸಮುದ್ರದಲ್ಲಿ ಸಿಕ್ಕ ಜೀರಂಗಿ

ಆಗ ನನಗೆ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ಶಕುನ, ದೆವ್ವ ಅಂತ ಯಾರಾದರೂ ಹೇಳಿದರೆ ಕೆಲಸವಿಲ್ಲದವರು ಅನ್ನುತ್ತಿದ್ದೆ. ಈಗ ನಾನೇ ಹೇಳುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಮ್ಮದು ಹುಬ್ಬಳ್ಳಿ ಕಡೆಯ ಶಿರಗುಪ್ಪಿ. ನಮ್ಮ ಮನೆಯವರಿಗೆ ವಯಸ್ಸಾದ ಮೇಲೆ ಮರೆವು ಬಂದು ಬುದ್ಧಿ ಹುಡುಗರದಾಗಿತ್ತು. ಮಳೆ ಬಿದ್ದರೆ ಸಾಕು, ಹೊಲದ ಬದುವಿನ ಜಾಲಿ ಗಿಡದಿಂದ ಜೀರಂಗಿ ಹಿಡಿದು ತರುವರು. ಹಸಿರಾಗಿ ಮಿಂಚುವ ಹುಳ. ಅದರ ಕುತ್ತಿಗೆಗೆ ದಾರ ಕಟ್ಟಿ, ಜಾಲಿ ಸೊಪ್ಪು ಹಾಕಿ ಕಡ್ಡಿಪೆಟ್ಟಿಗೆಯಲ್ಲಿ ಇಡುವರು. ದಾರ ನನ್ನದು. ಕೌದಿ ಹೊಲಿಯಲು ಹಳೆ ಸೀರೆಗಳ ಕೆಂಪು, ಕರಿ ಎಳೆ ಬಿಚ್ಚಿ ನಾನೇ ಹೊಸೆದದ್ದು. ಒಂದು ದಿನ ಸಿಟ್ಟು ಬಂದು ಪೆಟ್ಟಿಗೆ ತೆರೆದು ಹುಳವನ್ನು ಹಿತ್ತಲಿಗೆ ಎಸೆದೆ.

"ನನ್ನ ಜೀರಂಗಿ ಎಲ್ಲೈತಿ?" ಅಂದರು.

"ಹಾರಿ ಹೋತು. ಹುಡುಕ್ಕೊಂಡು ಹೋಗ್ರಿ" ಅಂದೆ.

ಹೋದರು. ದಾರದ ಉಂಡೆ ಅವರ ಜೇಬಿನಲ್ಲೇ ಇತ್ತು. ತಿರುಗಿ ಬರಲಿಲ್ಲ. ಪೊಲೀಸರಿಗೆ ಹೇಳಿದೆವು, ಹುಬ್ಬಳ್ಳಿಯ ಆಸ್ಪತ್ರೆಗಳನ್ನೆಲ್ಲ ನೋಡಿದೆವು. ನಾನು ಅಳಲಿಲ್ಲ. ಕೌದಿ ಹೊಲಿದೆ.

ವರ್ಷ ತುಂಬಿತು. ಮೈದುನ ಬಂದು, "ವೈನಿ, ಅಣ್ಣ ಇನ್ನ ಬರೂದಿಲ್ಲ. ಗೋಕರ್ಣಕ್ಕ ಹೋಗಿ ಮುಳುಗಿ ಬರೂಣು. ಬಂದ ಮರುದಿನ ಕೈಯಾಗಿನ ಬಳಿ ತಗಸೂಣು" ಅಂದ.

"ನಿಮ್ಮಣ್ಣ ಸತ್ತಾರಂತ ನಿನಗ ಯಾರು ಹೇಳಿದ್ರು?"

"ಅದಾನಂತ ನಿಮಗ ಯಾರು ಹೇಳ್ಯಾರ್ರಿ?"

ಬಟ್ಟೆ ಗಂಟು ಕಟ್ಟಿಕೊಂಡು ಅವನ ಜೊತೆ ಗೋಕರ್ಣಕ್ಕೆ ಹೋದೆ.

ನಡು ಮಧ್ಯಾಹ್ನ. ದಂಡೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಕುಸುಬಿ ಕಾಳಿನ ಸಿಪ್ಪೆಯ ಹಾಗೆ ಏನೋ ನೀರಿನ ಮೇಲೆ ತೇಲಿ ಬಂತು. ನೋಡಿದರೆ ಹುಳ. ಮಿಡತೆ, ರೆಕ್ಕೆಯ ಇರುವೆ, ಹತ್ತಿಯ ಕೆಂಪು ತಿಗಣೆ, ಎಲ್ಲ ಹೊಲದವೇ. ಅವುಗಳ ನಡುವೆ ಒಂದು ಜೀರಂಗಿ. ಅಂಗೈಯಲ್ಲಿ ಎತ್ತಿಕೊಂಡೆ. ಕುತ್ತಿಗೆಯಲ್ಲಿ ಕೆಂಪು-ಕರಿ ದಾರ. ನಾನು ಹೊಸೆದದ್ದೇ. ಹುಳ ಒಂದು ಕಾಲು ಆಡಿಸಿತು.

"ಗಾಳಿಗೆ ಹಾರಿ ಬಂದಿರ್ತಾವ ಬಿಡ್ರಿ. ದಾರ ಯಾವ ಹುಡುಗೂರು ಕಟ್ಟಿದ್ವೋ" ಅಂದ ಮೈದುನ.

ಹುಳ ಗಾಳಿಗೆ ಬರಬಹುದು. ಆದರೆ ಜೀರಂಗಿ ಒಂದು ಮಳೆಗಾಲಕ್ಕಿಂತ ಹೆಚ್ಚು ಬಾಳುವುದಿಲ್ಲ. ಅದು ನಾನು ಎಸೆದದ್ದಲ್ಲ. ಹಾಗಾದರೆ ಆ ವರ್ಷ ನನ್ನ ದಾರ ಕಟ್ಟಿದವರು ಯಾರು? ಇವತ್ತಿಗೂ ಗೊತ್ತಿಲ್ಲ. ಅವರೂ ಬಂದಿಲ್ಲ.

ಊರು ಮುಟ್ಟುವಷ್ಟರಲ್ಲಿ ಹುಳ ಸತ್ತಿತ್ತು. ಮರುದಿನ ಬೆಳಿಗ್ಗೆ ಮೈದುನ ನಾಲ್ಕು ಹೆಂಗಸರನ್ನು ಕರೆದುಕೊಂಡು ಬಳೆ ತೆಗೆಸಲು ಬಂದ. ನನ್ನ ಮನೆಗೆ ಬೀಗ ಹಾಕಿತ್ತು. ನಾನು ಕಡ್ಡಿಪೆಟ್ಟಿಗೆ ಹಿಡಿದು ಹೊಲದ ಬದುವಿನಲ್ಲಿ ಜೀರಂಗಿ ಹುಡುಕುತ್ತಿದ್ದೆ.