ಮಾವನ ಹೆಗಲ ಮೇಲಿನ ಟವೆಲ್

ಬೆಳಿಗ್ಗೆ ಆರೂಕಾಲು. ಅತ್ತೆಯ ಹೊಟ್ಟೆಯಿಂದ ಇಳಿಸಿದ ನೀರಿನ ಚೀಲವನ್ನು ನಮ್ಮ ಮಾವ ಕಿಟಕಿಯ ಬೆಳಕಿಗೆ ಹಿಡಿದು, ಅಲ್ಲಾಡಿಸಿ, ಖುಷಿಯಿಂದ ಹೇಳಿದರು: "ನೋಡಮ್ಮ, ಇವತ್ತು ಕೊಳೆಯೆಲ್ಲ ಈಚಿಗೆ ಬಂದೈತೆ."

ದಿನವೂ ತಿಳಿಯಾಗಿರುತ್ತಿದ್ದ ನೀರು ಅಂದು ಅಕ್ಕಿ ತೊಳೆದ ನೀರಿನಂತಿತ್ತು.

ಕಿಡ್ನಿ ಕೈಕೊಟ್ಟ ಮೇಲೆ ಅತ್ತೆಗೆ ಮನೆಯಲ್ಲೇ ಡಯಾಲಿಸಿಸ್. ಹೊಟ್ಟೆಗೊಂದು ಟ್ಯೂಬ್. ಅದರ ಮೂಲಕ ಚೀಲದ ದ್ರವ ಒಳಗೆ ಬಿಡಬೇಕು, ಕೆಲವು ಗಂಟೆಯಾದ ಮೇಲೆ ಇಳಿಸಬೇಕು, ಮತ್ತೆ ಹೊಸ ಚೀಲ. ಮಾಯಸಂದ್ರದ ಪಕ್ಕದ ತೋಟದ ಮನೆಯಿಂದ ಬೆಂಗಳೂರಿನ ಆಸ್ಪತ್ರೆಯ ಮೆಷಿನ್ನಿಗೆ ವಾರಕ್ಕೆ ಎರಡು ಮೂರು ಸಲ ಓಡಾಡುವುದು ಯಾರಿಂದಾದೀತು? ಮಾವ ಆಸ್ಪತ್ರೆಯಲ್ಲಿ ಶ್ರದ್ಧೆಯಿಂದ ಟ್ರೈನಿಂಗ್ ಪಡೆದು ಬಂದಿದ್ದರು. ನಮ್ಮನ್ನು ಹತ್ತಿರ ಸೇರಿಸುತ್ತಿರಲಿಲ್ಲ. (ಇಳಿಸಿದ ನೀರು ಹಿತ್ತಿಲ ತೆಂಗಿನ ಬುಡಕ್ಕೆ. ಆ ಮರದ ಕಾಯಿ ದಪ್ಪ ಎಂಬುದು ಅವರ ವಾದ. ಆ ಮರದ ಎಳನೀರನ್ನು ನಾವ್ಯಾರೂ ಮುಟ್ಟುವುದಿಲ್ಲ ಎಂಬುದು ಬೇರೆ ಮಾತು.)

ಕಾಫಿ ತಂದುಕೊಡುವಷ್ಟರಲ್ಲಿ ಅತ್ತೆ ಹೊಟ್ಟೆ ಹಿಡಿದು ಮುದುರಿಕೊಂಡಿದ್ದರು. ಮೈ ಕೆಂಡ. ನೀರು ಕದಡಿದರೆ ಚೀಲದ ಸಮೇತ ಬನ್ನಿ ಎಂದು ಆಸ್ಪತ್ರೆಯವರು ಹೇಳಿದ್ದು ನನಗೆ ನೆನಪಾಯಿತು. ಚೀಲ ಎಲ್ಲಿ? ಮಾವನ ಕೈಯಲ್ಲಿ, ತೆಂಗಿನ ಮರದತ್ತ ಅರ್ಧ ದಾರಿಯಲ್ಲಿ! ಓಡಿಹೋಗಿ ಕಿತ್ತುಕೊಂಡೆ. ಬೆಂಗಳೂರಿನವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಈಗಲೂ ಅಕ್ಕಿ ತೊಳೆದ ನೀರನ್ನು ನೋಡದೆಯೇ ಚೆಲ್ಲಿಬಿಡುತ್ತೇನೆ.

ಹೊಟ್ಟೆಯೊಳಗೆ ಸೋಂಕು. ಔಷಧಿ ಹಿಡಿಯಿತು, ಅತ್ತೆ ಉಳಿದರು. ಆದರೆ ಇದು ಮರುಕಳಿಸಿದರೆ ಟ್ಯೂಬ್ ತೆಗೆಯಬೇಕಾಗಬಹುದು, ಆಮೇಲೆ ಮೆಷಿನ್ನೇ ಗತಿ ಎಂದರು ಆಸ್ಪತ್ರೆಯವರು.

ಊರಿಗೆ ಮರಳಿದ ಮೇಲೆ ಅದೇ ಆಸ್ಪತ್ರೆಯ ಡಾಕ್ಟರಮ್ಮ ಒಬ್ಬರು ಮನೆಗೇ ಬಂದರು. ಒಂದೇ ಟ್ರೈನಿಂಗ್ ಪಡೆದ ಮನೆಗಳಲ್ಲಿ ಕೆಲವು ಕಡೆ ರೋಗಿಗೆ ಸೋಂಕು ಬರುತ್ತದೆ, ಕೆಲವು ಕಡೆ ಇಲ್ಲ. ಯಾಕೆ? ಅದು ಅವರ ಸಂಶೋಧನೆ. ನಾನು ದೊಡ್ಡ ಪ್ರಶ್ನಾವಳಿಯನ್ನೇ ನಿರೀಕ್ಷಿಸಿದ್ದೆ. ಅವರು ಮಾವನಿಗೆ ಹೇಳಿದ್ದು ಇಷ್ಟೇ: ದಿನಾ ಹೇಗೆ ಮಾಡುತ್ತೀರೋ ಹಾಗೇ ಮಾಡಿ, ನಾನು ಸುಮ್ಮನೆ ನೋಡುತ್ತೇನೆ.

ಮಾವನಿಗೆ ಪರೀಕ್ಷೆಯ ಹುರುಪು. ಬಾಗಿಲು ಮುಚ್ಚಿದರು. ಫ್ಯಾನ್ ಆರಿಸಿದರು. ಮುಖಕ್ಕೆ ಮಾಸ್ಕ್. ಬೆರಳ ಸಂದಿ, ಉಗುರು, ಮಣಿಕಟ್ಟು ಎಲ್ಲಕ್ಕೂ ಸೋಪು ತಿಕ್ಕಿ ತೊಳೆದರು. ಫಸ್ಟ್ ಕ್ಲಾಸ್!

ಆಮೇಲೆ ಹೆಗಲ ಮೇಲಿನ ಟವೆಲ್ ಎಳೆದು ಎರಡೂ ಕೈಯನ್ನು ಚೆನ್ನಾಗಿ ಒರೆಸಿಕೊಂಡರು.

ಡಾಕ್ಟರಮ್ಮ ಮಧ್ಯೆ ಬಂದು ತಡೆದು, ಈ ಟವೆಲ್ ಇನ್ನೇನೇನು ಕೆಲಸ ಮಾಡುತ್ತದೆ ಎಂದು ಮೆತ್ತಗೆ ಕೇಳಿದರು. ಮಾವ ಟವೆಲ್ಲಿನ ಗುಣಗಾನಕ್ಕೇ ಇಳಿದುಬಿಟ್ಟರು. ಬೆವರು ಒರೆಸುತ್ತದೆ, ಜಗುಲಿಯ ಧೂಳು ಹೊಡೆಯುತ್ತದೆ, ಕರುವಿನ ಮೂತಿ ಒರೆಸುತ್ತದೆ. ದನದ ವ್ಯಾಪಾರದಲ್ಲಿ ಇದರ ಕೆಳಗೇ ಬೆರಳು ಹಿಡಿದು ರೇಟು ಕುದುರಿಸುವುದು.

ಹಾಸಿಗೆಯ ಮೇಲಿಂದ ಅತ್ತೆ ಅಂದರು: "ದನ, ಕರ, ಸಂತೆ ಎಲ್ಲಾನೂ ನನ್ನ ಹೊಟ್ಟೆಗೇ ತುಂಬ್ತಿದ್ರಾ?"

ಮಾವ ಕುಗ್ಗಿಹೋದರು. "ಒದ್ದೆ ಕೈಲಿ ಮುಟ್ಬ್ಯಾಡಿ ಅಂದಿದ್ರು ಕಣೇ. ಅದ್ಕೇ ಒರಸ್ಕಂಡೆ."

ನಿಜವೇ. ಕೈ ಒರೆಸಬೇಕೆಂದು ಕಲಿಸಿದ್ದರು. ಶುದ್ಧ ಬಟ್ಟೆ ಎಂದೂ ಹೇಳಿದ್ದರಂತೆ. ಹೆಗಲ ಮೇಲಿನ ಟವೆಲ್ ಶುದ್ಧವಲ್ಲ ಎಂದು ನಮ್ಮ ಕಡೆ ಗಂಡಸರಿಗೆ ಹೇಳಿದವರು ಯಾರು?

ಹಾಗಾದರೆ ಟವೆಲ್ಲೇ ಅಪರಾಧಿಯಾ ಎಂದು ಕೇಳಿದೆ. ಒಂದೇ ಮನೆ ನೋಡಿ ತೀರ್ಪು ಕೊಡಲು ಆಗುವುದಿಲ್ಲ, ಅದಕ್ಕೇ ಮನೆಮನೆ ಸುತ್ತುತ್ತಿದ್ದೇವೆ ಎಂದರು ಡಾಕ್ಟರಮ್ಮ. ನಾವು ತೀರ್ಪಿಗೆ ಕಾಯಲಿಲ್ಲ. ಕೈ ಒರೆಸಲು ಟಿಶ್ಯೂ ಪೇಪರ್ ಬಂತು. ಟವೆಲ್ಲಿಗೆ ಕೋಣೆಯ ಹೊರಗೊಂದು ಮೊಳೆ. ಬರಿ ಹೆಗಲಿನ ಮಾವನನ್ನು ಕಂಡ ನೆಂಟರೊಬ್ಬರು, ಮನೆಯಲ್ಲಿ ಯಾರಾದರೂ ತೀರಿಹೋದರಾ ಎಂದು ಗಾಬರಿಯಾದರು.

ಆದರೂ ನಿದ್ದೆ ಬರುತ್ತಿರಲಿಲ್ಲ. ಅತ್ತೆ ಮಗ್ಗುಲು ಬದಲಿಸಿದರೂ ಮಾವ, ನಾನು ಇಬ್ಬರೂ ಎದ್ದು ಕೂರುತ್ತಿದ್ದೆವು.

ಹೋದ ಶುಕ್ರವಾರ ಮೊದಲ ಸಲ ಮನೆಯವರೆಲ್ಲ ಬೆಳಗಿನವರೆಗೂ ನಿದ್ದೆ ಮಾಡಿದೆವು. ಎದ್ದು ಮಾವ ಚೀಲವನ್ನು ಬೆಳಕಿಗೆ ಹಿಡಿದರು. ಕನ್ನಡಿಯಂಥ ನೀರು.

"ಯಾಕ್ರೀ, ಇವತ್ತು ಕೊಳೆ ಬರ್ಲಿಲ್ವಾ?" ಎಂದರು ಅತ್ತೆ.

ಮಾವನ ಕೈ ಕಣ್ಣೊರೆಸಿಕೊಳ್ಳಲೆಂದು ಹೆಗಲಿಗೆ ಹೋಯಿತು. ಅಲ್ಲಿ ಟವೆಲ್ ಇರಲಿಲ್ಲ.